ಹಟ್ಟಿಗೆ ಬಂದ ಹೊಸ ಕರು
(ಉತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಧಾರ್ಮಿಕ ಸಭೆ ಎಂದ ಮೇಲೆ ಪುರಾಣದ ಒಂದು ಪ್ರಸಂಗವನ್ನೋ ಕ್ಷೇತ್ರದ ಮಹಿಮೆಯನ್ನೋ ಕೇಳಬೇಕೆಂದು ಭಕ್ತರು ಕುಳಿತಿರುತ್ತಾರೆ. ಅದನ್ನು ಹೇಳಬಲ್ಲ ವಿದ್ವಾಂಸರು ಈ ವೇದಿಕೆಯಲ್ಲೇ ಇದ್ದಾರೆ. ಇಲ್ಲಿ ಹೇಳಹೊರಟದ್ದು ಅಷ್ಟು ದೊಡ್ಡ ವಿಷಯವಲ್ಲ. ಒಂದು ಗಿಡ್ಡ ಕರು, ನಾಲ್ಕು ಮಂದಿ ಗೆಳೆಯರು, ಒಂದು ದೀಪಾವಳಿಯ ರಾತ್ರಿ, ಇಷ್ಟೇ ಇದರ ಬಂಡವಾಳ. ಆದರೆ ಆ ನಾಲ್ವರಿಗೆ ಹಬ್ಬದ ವಿಷಯವಾಗಿಯೂ ಮೂಕಪ್ರಾಣಿಯ ವಿಷಯವಾಗಿಯೂ ಆ ಒಂದು ರಾತ್ರಿ ತಿಳಿದಷ್ಟು ಅದಕ್ಕೆ ಮೊದಲು ತಿಳಿದಿರಲಿಲ್ಲ.

ಕಾಸರಗೋಡು ಸೀಮೆಯ ದೀಪಾವಳಿಯ ಕ್ರಮವನ್ನು ಹಿರಿಯರಿಗೆ ಹೇಳಿಕೊಡಬೇಕಾದ್ದಿಲ್ಲ. ಕಿರಿಯರಿಗಾಗಿ ಎರಡು ಮಾತು ಹೇಳಬೇಕು. 1956ರ ನವೆಂಬರ್ 1ರಂದು ಈ ಸೀಮೆ ಕೇರಳಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯೂ ಆಯಿತು. ಶಾಲೆ, ಕಚೇರಿ, ಬಸ್ಸಿನ ಬೋರ್ಡು ಎಲ್ಲದರಲ್ಲೂ ಬದಲಾವಣೆ ಬಂತು. ಹಂಡೆಗೆ ನೀರು ತುಂಬುವ ರಾತ್ರಿ ಮಾತ್ರ ಬದಲಾಗಲಿಲ್ಲ. ತ್ರಯೋದಶಿಯ ಸಂಜೆ ಬಚ್ಚಲ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಅದರ ಕುತ್ತಿಗೆಗೆ ಕಾಡುಬಳ್ಳಿ ಸುತ್ತಿ, ಸೇಡಿಯಲ್ಲಿ ಗೆರೆ ಎಳೆದು, ಬಾವಿಯ ನೀರು ತುಂಬುತ್ತಾರೆ. ಬೆಳಗಿನ ಜಾವ ಎಣ್ಣೆಸ್ನಾನ. ಆಮೇಲೆ ಅವಲಕ್ಕಿ, ಉದ್ದಿನ ದೋಸೆ. ಅಮಾವಾಸ್ಯೆಗೆ ಅಂಗಡಿ ಪೂಜೆ. ಮರುದಿನ ಪಾಡ್ಯಕ್ಕೆ ಗೋಪೂಜೆ, ಸಂಜೆಗೆ ಬಲೀಂದ್ರ. ಹಾಲೆಮರದ ಕಂಬ ನೆಟ್ಟು, ಹೂ ಸುತ್ತಿ, ಹಣತೆ ಇಟ್ಟು, ಅವಲಕ್ಕಿ ತೆಂಗಿನಕಾಯಿ ಬಡಿಸಿ, ಬಲಿಚಕ್ರವರ್ತಿಯನ್ನು ಮೂರು ಸಲ ಕೂಗಿ ಕರೆಯುವ ಆ ದನಿ ಒಂದು ಮನೆಯಿಂದ ಎದ್ದರೆ ತೋಟದ ಆಚೆಯ ಮನೆಯವರು ಅಲ್ಲಿಂದಲೇ ಕೂಗಿ ಉತ್ತರ ಕೊಡುತ್ತಿದ್ದರು. ಅಂದು ನೇಗಿಲಿಗೂ ನೊಗಕ್ಕೂ ಗೊಬ್ಬರದ ಗುಂಡಿಗೂ ದೀಪ ಉಂಟು.

ಈ ಇಡೀ ಹಬ್ಬದಲ್ಲಿ ಮಕ್ಕಳಿಗೆ ಅತ್ಯಂತ ಸಂಭ್ರಮದ್ದು ಗೋಪೂಜೆ. ದನಗಳನ್ನು ತೋಡಿಗೆ ಹೊಡೆದುಕೊಂಡು ಹೋಗಿ ಮೀಯಿಸಿ, ಅರೆದ ಅಕ್ಕಿಹಿಟ್ಟಿನಲ್ಲಿ ಸಿದ್ದೆಯ ಬಾಯಿಯನ್ನು ಅದ್ದಿ ಅದರ ಬೆನ್ನು, ಪಕ್ಕೆಗಳ ಮೇಲೆ ಬಳೆಯಂತೆ ದುಂಡಗೆ ಒತ್ತುವುದು, ಕೊರಳಿಗೆ ಚೆಂಡುಹೂವಿನ ಮಾಲೆ, ಹಣೆಗೆ ಕುಂಕುಮ, ಆಮೇಲೆ ಬಾಳೆಎಲೆಯಲ್ಲಿ ದೋಸೆ, ಬೆಲ್ಲ, ಬಾಳೆಹಣ್ಣು. ಮಾಲೆಯನ್ನು ಒಂದು ದನ ಇನ್ನೊಂದರ ಕೊರಳಿನಿಂದ ಎಳೆದು ತಿನ್ನುವುದೂ, ಅದಕ್ಕೆ ಅಜ್ಜಿಯಂದಿರು ಬೈಯುವುದೂ ಪೂಜೆಯ ಒಂದು ಅಂಗವೇ ಆಗಿತ್ತು.

ಈಗ ಎಷ್ಟು ಹಟ್ಟಿಗಳಲ್ಲಿ ದನ ಉಂಟು? ಇದು ಅಂಗಡಿಯವರಿಗೆ ಬೇಗ ಗೊತ್ತಾಗುವ ಲೆಕ್ಕ. ಹಿಂಡಿಯ ಚೀಲ ಹೊತ್ತು ಹೋಗುತ್ತಿದ್ದ ಮನೆಯವರು ಬೆಳಿಗ್ಗೆ ಆರಕ್ಕೇ ಮಿಲ್ಮಾ ಪ್ಯಾಕೆಟಿಗೆ ನಿಲ್ಲುತ್ತಾರೆ. ಹಟ್ಟಿಯಲ್ಲಿ ಸ್ಕೂಟರು, ರಬ್ಬರ್ ಶೀಟು, ಒಡೆದ ಕುರ್ಚಿ. ಗೋಪೂಜೆಯ ದಿನ ಅಲ್ಲಿ ಒಂದು ಕೃಷ್ಣನ ಪಟ ಇಟ್ಟು, ಪಟದಲ್ಲಿರುವ ದನಕ್ಕೆ ಆರತಿ ಎತ್ತುತ್ತಾರೆ. ಇದನ್ನು ತಪ್ಪೆಂದು ಹೇಳಲಾಗದು. ಮಕ್ಕಳು ಪರಊರಿಗೆ ಹೋಗಿ, ಮನೆಯಲ್ಲಿ ಎಪ್ಪತ್ತು ವರ್ಷದ ಇಬ್ಬರೇ ಉಳಿದಿದ್ದರೆ ಹುಲ್ಲು ಹೆರೆಯುವವರು ಯಾರು?

ಪೇಟೆಯ ಒಂದೇ ಸಾಲಿನಲ್ಲಿ ದಿನವೂ ಕಾಣುವ ನಾಲ್ವರು ಗೆಳೆಯರಲ್ಲಿ ಒಬ್ಬರ ಮನೆಯ ಸ್ಥಿತಿಯೂ ಇದೇ ಆಗಿತ್ತು. ಅವರು ದರ್ಜಿ. ಇನ್ನೊಬ್ಬರದು ಜೀನಸು ಅಂಗಡಿ, ಮತ್ತೊಬ್ಬರು ರಿಕ್ಷಾ ಓಡಿಸುವವರು, ನಾಲ್ಕನೆಯವರು ನಿವೃತ್ತ ಕನ್ನಡ ಮಾಸ್ಟ್ರು. ಸಂಜೆ ಅಂಗಡಿಯ ಬೆಂಚಿನಲ್ಲಿ ಒಂದು ಚಹಾ, ಒಂದು ವೀಳ್ಯ, ಯಾವ ಮೇಳದ ಆಟ ಎಲ್ಲಿ ಎಂಬ ವಿಚಾರ. ಜಾತ್ರೆ ಬಂದರೆ ಹಿಂದಿನ ರಾತ್ರಿ ದೇವಸ್ಥಾನದ ಪಾಕಶಾಲೆಯಲ್ಲಿ ಕುಂಬಳಕಾಯಿ ಹೆಚ್ಚುವ ಕೆಲಸಕ್ಕೆ ನಾಲ್ವರೂ ಒಟ್ಟಿಗೆ. ದರ್ಜಿಯವರ ತಾಯಿ ಇರುವವರೆಗೆ ಅವರ ಹಟ್ಟಿಯಲ್ಲಿ ಎರಡು ದನ ಇದ್ದವು. ತಾಯಿ ತೀರಿಕೊಂಡ ಮೇಲೆ ಹಟ್ಟಿ ಬರಿದಾಯಿತು. ಆಮೇಲೆ ಎರಡು ದೀಪಾವಳಿ ಅವರು ಗೋಪೂಜೆಯ ಹೊತ್ತಿಗೆ ಏನಾದರೂ ನೆಪ ಹೇಳಿ ಪೇಟೆಗೆ ಬಂದುಬಿಡುತ್ತಿದ್ದರು. ಬೆಂಚಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಮೂವರಿಗೂ ಗೊತ್ತಿತ್ತು.

2021ರ ದೀಪಾವಳಿಗೆ ಹದಿನೈದು ದಿನ ಇರುವಾಗ ಬದಿಯಡ್ಕದ ಕಡೆಯ ಒಂದು ಮನೆಯವರು ದನ ಸಾಕುವುದನ್ನು ನಿಲ್ಲಿಸಿ ಮಗನ ಬಳಿಗೆ ಹೊರಟಿದ್ದಾರೆ ಎಂಬ ಸುದ್ದಿ ರಿಕ್ಷಾದವರಿಗೆ ಸಿಕ್ಕಿತು. ಅಲ್ಲಿ ಎಂಟು ತಿಂಗಳ ಒಂದು ಹೆಣ್ಣುಕರು, ಕಾಸರಗೋಡು ಗಿಡ್ಡ ತಳಿಯದ್ದು. ಆ ಮನೆಯ ಅಜ್ಜ ಅದನ್ನು ಮಾರಲಿಲ್ಲ. ಒಂದು ತೆಂಗಿನಕಾಯಿ, ಎಲೆ-ಅಡಿಕೆ ಹಿಡಿದುಕೊಂಡು, "ಕಟುಕರಿಗೆ ಹೋಗಲಿಕ್ಕಿಲ್ಲ, ಮಾರಿದರೆ ಮತ್ತೆ ನನಗೇ ಹೇಳಬೇಕು" ಎಂದು ಮಾತು ತೆಗೆದುಕೊಂಡು ಹಗ್ಗ ಕೈಗೆ ಕೊಟ್ಟರು. ಗಿಡ್ಡ ಕರುವಾದ್ದರಿಂದ ರಿಕ್ಷಾದ ಹಿಂದಿನ ಸೀಟಿನ ಕಾಲಡಿಯಲ್ಲಿ ಬೈಹುಲ್ಲು ಹಾಸಿ ಅದನ್ನು ನಿಲ್ಲಿಸಲು ಸಾಧ್ಯವಾಯಿತು. ಮಾಸ್ಟ್ರು ಅದರ ಕೊರಳನ್ನು ಅಪ್ಪಿ ಕುಳಿತಿದ್ದರು. ದಾರಿಯುದ್ದಕ್ಕೂ ಜನ ನಿಂತು ನೋಡಿದರು.

ಈ ಗಿಡ್ಡ ತಳಿಯ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ಈ ಸೀಮೆಯ ಸ್ವಂತ ಸಂಪತ್ತು ಅದು. ಎತ್ತರ ಒಂದು ಮೀಟರಿನ ಒಳಗೆ. ಹಾಲು ದಿನಕ್ಕೆ ಒಂದೆರಡು ಲೀಟರ್. ಮುರಕಲ್ಲಿನ ಗುಡ್ಡೆಯಲ್ಲಿ ಮೇದು, ಮನೆಯ ಅಕ್ಕಚ್ಚು ಕುಡಿದು ಬದುಕಬಲ್ಲದ್ದು; ಮಳೆಗೂ ಸೆಕೆಗೂ ಸುಲಭದಲ್ಲಿ ಬೀಳುವುದಿಲ್ಲ. ಹಾಗಿದ್ದೂ ಇದು ಏಕೆ ಕಡಿಮೆಯಾಯಿತು? ಹಾಲು ಹೆಚ್ಚಬೇಕೆಂಬ ಉದ್ದೇಶದಿಂದ 1961ರಲ್ಲಿ ಕೇರಳದಲ್ಲಿ ಬಂದ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಹೋರಿ ಸಾಕುವಂತಿರಲಿಲ್ಲ. ಊರ ಹೋರಿಗಳ ಬೀಜ ಒಡೆಸಲಾಯಿತು. 1963ರಲ್ಲಿ ಮಾಟ್ಟುಪೆಟ್ಟಿಯಲ್ಲಿ ಸ್ವಿಟ್ಜರ್ಲೆಂಡಿನ ಸಹಕಾರದ ಯೋಜನೆ ಆರಂಭವಾಗಿ ಸಂಕರ ತಳಿ ಹರಡಿತು. ಅದರಿಂದ ಹಾಲು ಹೆಚ್ಚಿದ್ದು ನಿಜ, ಎಷ್ಟೋ ಮನೆಗಳು ಆ ಹಾಲಿನಲ್ಲಿ ಮಕ್ಕಳನ್ನು ಓದಿಸಿದ್ದೂ ನಿಜ. ಆದರೆ ಹೋರಿಯೇ ಇಲ್ಲದ ಊರಲ್ಲಿ ಊರತಳಿ ಉಳಿಯುವುದು ಹೇಗೆ? ಆಮೇಲೆ ಎಚ್ಚರ ಬಂತು. ಈಗ ಬೇಳದಲ್ಲಿ ಸರಕಾರದ ತಳಿ ಸಂರಕ್ಷಣಾ ಕೇಂದ್ರ ಉಂಟು, ಪೆರ್ಲದ ಬಳಿ ಬಜಕೂಡ್ಲಿನಲ್ಲಿ ಗೋಶಾಲೆ ಉಂಟು. ಆದರೆ ಕೇಂದ್ರದಲ್ಲಿ ಉಳಿಯುವುದು ಬೇರೆ, ಮನೆಯ ಹಟ್ಟಿಯಲ್ಲಿ ಉಳಿಯುವುದು ಬೇರೆ.

ಕರು ಬಂದ ದಿನ ದರ್ಜಿಯವರ ಅಂಗಳದಲ್ಲಿ ಜಾತ್ರೆ. ಹೆಸರಿಡುವುದಕ್ಕೇ ಒಂದು ತಾಳಮದ್ದಳೆಯಷ್ಟು ಚರ್ಚೆ ನಡೆಯಿತು. ಮಾಸ್ಟ್ರಿಗೆ 'ಕಪಿಲೆ' ಎಂದಿಡಬೇಕು. ಬಣ್ಣ ಕಪ್ಪು, ಹಾಗಾಗದು ಎಂದು ಅಂಗಡಿಯವರು. ಕೊನೆಗೆ ದರ್ಜಿಯವರ ಮನೆಯಾಕೆ ಒಳಗಿನಿಂದ, "ಅತ್ತೆ ಇರುವಾಗ ಹಟ್ಟಿಯಲ್ಲಿ ಯಾವಾಗಲೂ ಒಂದು ಗೌರಿ ಇರುತ್ತಿತ್ತು" ಎಂದರು. ಗೌರಿ ಎಂದಾಯಿತು. ಮರುದಿನದಿಂದ ಬೆಂಚಿನ ಮಾತೆಲ್ಲ ಗೌರಿಯದ್ದೇ. ಅದು ಒಗೆದು ಹಾಕಿದ ಅಂಗಿಯ ತೋಳನ್ನು ಜಗಿದದ್ದು, ಮನೆಯ ನಾಯಿ ಮೊದಲ ದಿನ ಬೊಗಳಿ ಮೂರನೆಯ ದಿನ ಅದರ ಹುಲ್ಲಿನಲ್ಲೇ ಮಲಗಿದ್ದು, ಅಂಗಡಿಯ ಬಾಳೆಗೊನೆಯ ವಾಸನೆಗೆ ಹಗ್ಗ ಕಿತ್ತು ಪೇಟೆಗೇ ಬಂದದ್ದು. ಈ ಸಣ್ಣ ಸಣ್ಣ ಸುಖಗಳಿಗೆ ಹಣ ಕೊಡಲಿಕ್ಕಿಲ್ಲ, ಟಿಕೇಟಿಲ್ಲ.

ನವೆಂಬರ್ 5, ಬಲಿಪಾಡ್ಯ. ಎರಡು ವರ್ಷದ ಮೇಲೆ ಆ ಹಟ್ಟಿಯಲ್ಲಿ ಗೋಪೂಜೆ. ಕರುವಿನ ಮೈಯಲ್ಲಿ ಸಿದ್ದೆಯ ಬಳೆ ಒತ್ತಲು ಜಾಗವೇ ಸಾಲದಷ್ಟು ಮಕ್ಕಳು. ಗೆಳೆಯರು ಬರಿಗೈಯಲ್ಲಿ ಬರಲಿಲ್ಲ. ಒಬ್ಬರ ಮನೆಯಿಂದ ಹನ್ನೆರಡು ದೋಸೆ, ಇನ್ನೊಬ್ಬರಿಂದ ಒಂದು ಅಚ್ಚು ಬೆಲ್ಲ, ಮತ್ತೊಬ್ಬರಿಂದ ಬಾಳೆಹಣ್ಣಿನ ಚಿಪ್ಪು, ಜತೆಗೆ ಅಕ್ಕಪಕ್ಕದವರ ಪಾಯಸ, ಅನ್ನ, ಅವಲಕ್ಕಿ. ಪ್ರತಿಯೊಬ್ಬರೂ ತಮ್ಮ ಕೈಯಿಂದ ಒಂದು ತುತ್ತು ತಿನ್ನಿಸಿದರು. ಬೇಡವೆನ್ನುವ ಬುದ್ಧಿ ಕರುವಿಗೆ ಇರಲಿಲ್ಲ. ಸಾಕೆನ್ನುವ ಬುದ್ಧಿ ಇರಬೇಕಾದವರಿಗೂ ಅಂದು ಇರಲಿಲ್ಲ.

ಬಲೀಂದ್ರನನ್ನು ಕೂಗಿ, ಪಟಾಕಿ ಸುಟ್ಟು, ಊಟ ಮಾಡಿ ಎಲ್ಲರೂ ಮನೆಗೆ ಹೋದರು. ರಾತ್ರಿ ಹನ್ನೊಂದರ ಹೊತ್ತಿಗೆ ದರ್ಜಿಯವರು ಹಟ್ಟಿಗೆ ಬಂದು ನೋಡಿದರೆ ಕರು ಬಿದ್ದುಕೊಂಡಿದೆ. ಮೆಲುಕಿಲ್ಲ. ಹಲ್ಲು ಕಡಿಯುತ್ತದೆ. ಎಡಗಡೆಯ ಹೊಟ್ಟೆ ಉಬ್ಬಿದೆ. ಪೋನು ಮಾಡಿದ ಹತ್ತು ನಿಮಿಷದಲ್ಲಿ ಮೂವರೂ ಬಂದರು. ದನದ ಡಾಕ್ಟ್ರು ಇದ್ದದ್ದು ದೂರದಲ್ಲಿ. ಅವರು ಬರುವವರೆಗೆ ಅಡುಗೆ ಸೋಡವನ್ನು ನೀರಿಗೆ ಕಲಸಿ, ತಲೆ ಎತ್ತಿ ಹಿಡಿದು, ನಿಧಾನವಾಗಿ ಸ್ವಲ್ಪ ಸ್ವಲ್ಪವೇ ಕುಡಿಸಿ ಎಂದು ಪೋನಿನಲ್ಲೇ ಅಳತೆ ಹೇಳಿದರು. ಹಬ್ಬದ ರಾತ್ರಿ ಜೀನಸು ಅಂಗಡಿಯ ಬೀಗ ತೆಗೆದದ್ದು ಸೋಡದ ಪೊಟ್ಟಣಕ್ಕಾಗಿ. ಲಕ್ಷ್ಮೀಪೂಜೆಯ ಹೂ ಇನ್ನೂ ತಕ್ಕಡಿಯ ಮೇಲೆ ಇತ್ತು.

ಡಾಕ್ಟ್ರನ್ನು ರಿಕ್ಷಾದಲ್ಲೇ ಕರೆತಂದರು. ಅವರು ಮಲಯಾಳ, ಕನ್ನಡ ಎರಡನ್ನೂ ಕಲಸಿ ಮಾತಾಡುವವರು. ಹೊಟ್ಟೆ ಮುಟ್ಟಿ ನೋಡಿ, "ಎಂತ ಕೊಟ್ಟದ್ದು? ಎಷ್ಟು ಕೊಟ್ಟದ್ದು?" ಎಂದು ಕೇಳಿದರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಲೆಕ್ಕ ಗೊತ್ತಿರಲಿಲ್ಲ; ಪ್ರತಿಯೊಬ್ಬರಿಗೂ ತಾವು ಕೊಟ್ಟದ್ದು ಸ್ವಲ್ಪವೇ.

ಡಾಕ್ಟ್ರು ವಿವರಿಸಿದ್ದನ್ನು ಇಲ್ಲಿ ಹೇಳುವುದು ಅಗತ್ಯ, ಏಕೆಂದರೆ ಇದು ಆ ಒಂದು ಮನೆಯಲ್ಲಿ ಮಾತ್ರ ಆಗುವಂಥದ್ದಲ್ಲ. ದನದ ಹೊಟ್ಟೆಗೆ ನಾಲ್ಕು ಕೋಣೆ. ಮೊದಲನೆಯ ದೊಡ್ಡ ಕೋಣೆಯಲ್ಲಿ ಹುಲ್ಲನ್ನು ಕರಗಿಸುವ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಇರುತ್ತವೆ. ಅಭ್ಯಾಸವಿಲ್ಲದ ಅನ್ನ, ಹಿಟ್ಟು, ಬೆಲ್ಲ, ಹಣ್ಣು ಒಮ್ಮೆಲೇ ರಾಶಿ ಬಿದ್ದರೆ ಅದು ಹುಳಿಬಂದು ಆಮ್ಲವಾಗುತ್ತದೆ. ಹುಲ್ಲು ಕರಗಿಸುವ ಜೀವಿಗಳು ಸಾಯುತ್ತವೆ. ಮೈಯ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ, ದನ ಸೋತು ಬೀಳುತ್ತದೆ. ಒಂದೇ ದಿನದಲ್ಲಿ ಸಾಯುವುದೂ ಉಂಟು. ಹಲಸಿನಹಣ್ಣಿನ ಕಾಲದಲ್ಲಿ ಬಿದ್ದ ಹಣ್ಣನ್ನು ಹೊಟ್ಟೆತುಂಬ ತಿಂದ ದನಗಳು ಸಾಯುವುದು ಇದೇ ಕಾರಣಕ್ಕೆ. ಊರಲ್ಲಿ ಅದನ್ನು ದೃಷ್ಟಿ, ಗಾಳಿ ಎಂದು ಹೇಳಿ ಹೊತ್ತು ಕಳೆಯುವುದಿದೆ. ನೂಲು ಕಟ್ಟುವುದಾದರೆ ಕಟ್ಟಿ, ಆದರೆ ಡಾಕ್ಟ್ರಿಗೆ ಹೇಳಿಕಳುಹಿಸಿದ ಮೇಲೆ ಕಟ್ಟಿ.

ಸಲೈನಿನ ಬಾಟಲಿಯನ್ನು ಹಟ್ಟಿಯ ಅಡ್ಡಕ್ಕೆ ಕಟ್ಟಿ ನಾಲ್ವರೂ ಅಲ್ಲೇ ಕುಳಿತರು. ಮಾಸ್ಟ್ರು ಕರುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ರಿಕ್ಷಾದವರು ಒಮ್ಮೆ, "ನಾನು ತಂದು ಕೊಟ್ಟು ನಿನಗೆ ಪಾಪ ಕಟ್ಟಿದೆನಾ ಮಾರಾಯ" ಎಂದರಂತೆ. ದರ್ಜಿಯವರು ಅದಕ್ಕೆ ಉತ್ತರ ಕೊಡಲಿಲ್ಲ, ಅವರ ಬೆನ್ನ ಮೇಲೆ ಒಂದು ಕೈ ಇಟ್ಟರು. ಬೆಳಿಗ್ಗೆ ಐದರ ಸುಮಾರಿಗೆ ಕರು ಸಗಣಿ ಹಾಕಿತು. ಸ್ವಲ್ಪ ಹೊತ್ತಿನ ಮೇಲೆ ದವಡೆ ಆಡಿಸಿತು. ನಾಲ್ಕು ಮಂದಿ ಗಂಡಸರು ಒಂದು ಕರು ಮೆಲುಕು ಹಾಕುವುದನ್ನು ನೋಡಿ ಕಣ್ಣೀರು ಒರೆಸಿಕೊಂಡರು ಎಂದರೆ ಕೇಳಿದವರು ನಗಬಹುದು. ನಗಲಿ.

ಮುಂದಿನ ವರ್ಷದ ಪಾಡ್ಯಕ್ಕೆ ಹಟ್ಟಿಯ ಬಾಗಿಲಲ್ಲಿ ಮಾಸ್ಟ್ರು ದುಂಡಗಿನ ಅಕ್ಷರದಲ್ಲಿ ಬರೆದ ರಟ್ಟು ತೂಗುತ್ತಿತ್ತು: 'ಗೌರಿಗೆ ನೈವೇದ್ಯ ಒಂದು ದೋಸೆ ಮಾತ್ರ. ಉಳಿದದ್ದು ನಮಗೆ.' ಬಂದವರೆಲ್ಲ ಒಂದೊಂದು ಹಿಡಿ ಹಸಿಹುಲ್ಲು ತರಬೇಕು ಎಂದು ಮೊದಲೇ ಹೇಳಿಕೆಯಾಗಿತ್ತು. ಶಾಸ್ತ್ರಕ್ಕೆ ಭಂಗವಾಯಿತೇ ಎಂದು ಕೆಲವರು ಕೇಳಿದ್ದುಂಟು. ಗೋಗ್ರಾಸ ಎಂದರೆ ಒಂದು ತುತ್ತು. ತುತ್ತಿನ ಜಾಗದಲ್ಲಿ ರಾಶಿ ಸುರಿದದ್ದು ಈಚೆಗೆ, ಹತ್ತು ಹಟ್ಟಿಗೆ ಹಂಚಿಹೋಗುತ್ತಿದ್ದದ್ದು ಒಂದೇ ಹಟ್ಟಿಗೆ ಬಂದು ಬೀಳತೊಡಗಿದ ಮೇಲೆ. ಪಟಾಕಿಯನ್ನೂ ಹಟ್ಟಿಯಿಂದ ದೂರ, ಗದ್ದೆಯ ಆಚೆಗೆ ಕೊಂಡುಹೋದರು. ನಾಯಿಯನ್ನು ಆ ರಾತ್ರಿ ಒಳಗೆ ಕಟ್ಟಿದರು.

2023ರ ಡಿಸೆಂಬರಿನಲ್ಲಿ ಈ ನಾಲ್ವರು ಅದೇ ರಿಕ್ಷಾದಲ್ಲಿ ಕುಂಬಳೆಯ ಬಳಿಯ ಅನಂತಪುರಕ್ಕೆ ಹೋಗಿಬಂದರು. ಕೆರೆಯ ನಡುವಿನ ಆ ಅನಂತಪದ್ಮನಾಭನ ಸನ್ನಿಧಿಯಲ್ಲಿ ನೈವೇದ್ಯದ ಅನ್ನ ಉಣ್ಣುತ್ತಿದ್ದ ಮೊಸಳೆ ಬಬಿಯನನ್ನು ಕಾಣದ ಭಕ್ತರು ಈ ಸೀಮೆಯಲ್ಲಿ ಕಡಿಮೆ. 2022ರ ಅಕ್ಟೋಬರ್ 9ರಂದು ಬಬಿಯ ತೀರಿಕೊಂಡಾಗ ಮನೆಯ ಹಿರಿಯರು ಹೋದಂತೆ ಜನ ಸೇರಿದರು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಯಾರೂ ತಂದು ಬಿಟ್ಟದ್ದಲ್ಲ. ಗೆಳೆಯರು ಹೋದ ದಿನ ಅದು ಮೇಲೆ ಬರಲಿಲ್ಲ. ಎರಡು ಗಂಟೆ ಕಾದು, ಕಲ್ಲಿನ ಕಟ್ಟೆಯಲ್ಲಿ ಕುಳಿತು ಹರಟಿ, ಕೈಮುಗಿದು ಮರಳಿದರು. ಮೊಬೈಲು ಹಿಡಿದು ನೀರಿಗೆ ಕಲ್ಲೆಸೆದು ಅದನ್ನು ಎಬ್ಬಿಸಲು ಹೊರಟ ಇಬ್ಬರು ಹುಡುಗರನ್ನು ಮಾಸ್ಟ್ರು ಗದರಿಸಿದರು. ಸಾಕಿದ ಪ್ರಾಣಿಯಾದರೂ ಸರಿ, ದೇವರ ಕೆರೆಯದ್ದಾದರೂ ಸರಿ, ಅದು ಭಕ್ತರ ಕಣ್ಣಿನ ಸಂತೋಷಕ್ಕಾಗಿ ಹುಟ್ಟಿದ್ದಲ್ಲ.

ಇದೇ ಸಂದರ್ಭದಲ್ಲಿ ಒಂದು ಕಹಿಮಾತು. ಹೊಸದಾಗಿ ನಾಯಿಮರಿ, ಬೆಕ್ಕಿನ ಮರಿ ತರುವ ಉತ್ಸಾಹ ಈಗ ಹೆಚ್ಚಾಗಿದೆ, ಸಂತೋಷ. ಆದರೆ ಮರಿ ದೊಡ್ಡದಾದ ಮೇಲೆ, ಅಥವಾ ಅದಕ್ಕೇ ಮರಿಗಳಾದ ಮೇಲೆ, ಗೋಣಿಯಲ್ಲಿ ತುಂಬಿ ರಾತ್ರಿ ದೇವಸ್ಥಾನದ ಅಂಗಳದಲ್ಲಿ ಬಿಟ್ಟುಹೋಗುವವರಿದ್ದಾರೆ. ಬೆಳಿಗ್ಗೆ ನಿರ್ಮಾಲ್ಯಕ್ಕೆ ಬರುವವರ ಕಾಲಿಗೆ ಆ ಮರಿಗಳು ಸಿಗುತ್ತವೆ. ದೇವರು ನೋಡಿಕೊಳ್ಳುತ್ತಾನೆ ಎಂಬುದು ಅವರ ಸಮಾಧಾನ. ದೇವರ ಹೆಸರಿನಲ್ಲಿ ನೋಡಿಕೊಳ್ಳಬೇಕಾದವರು ಅಂಗಳ ಗುಡಿಸುವ ಹೆಂಗಸು, ಪಾತ್ರೆ ತೊಳೆಯುವ ಹುಡುಗ. ನಾಯಿ ತಂದವರು ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಮರಿ ಬೇಡವಾದರೆ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಇಷ್ಟಾಗದಿದ್ದರೆ ಪಕ್ಕದ ಮನೆಯ ನಾಯಿಯನ್ನೇ ಪ್ರೀತಿಸಿದರೆ ಸಾಕು. ಇನ್ನೊಂದು: ಸಂತರ್ಪಣೆಯ ಬಾಳೆಎಲೆ ದನಕ್ಕೆ ಒಳ್ಳೆಯದೇ, ಎಲೆಯೊಳಗೆ ಮಡಚಿಟ್ಟ ಪ್ಲಾಸ್ಟಿಕ್ ಲೋಟ ಅದರ ಹೊಟ್ಟೆಗೆ ಹೋದರೆ ಹೊರಗೆ ಬರುವುದಿಲ್ಲ.

ಮತ್ತೆ ಗೌರಿಯ ಸುದ್ದಿಗೆ. ಪ್ರಾಯಕ್ಕೆ ಬಂದಾಗ ಅದಕ್ಕೆ ಅದೇ ತಳಿಯ ಹೋರಿ ಬೇಕಲ್ಲ? ಹತ್ತಿರದಲ್ಲಿ ಸಿಗಲಿಲ್ಲ. ವಿಚಾರಿಸಿ ವಿಚಾರಿಸಿ ಕೊನೆಗೆ ಆರು ಕಿಲೋಮೀಟರ್ ಆಚೆಯ ಮನೆಯೊಂದಕ್ಕೆ ಅದನ್ನು ನಡೆಸಿಕೊಂಡು ಹೋದರು. 2024ರ ಆಟಿ ತಿಂಗಳು, ಸುರಿಯುವ ಮಳೆಯಲ್ಲಿ, ನಡುರಾತ್ರಿ ಗೌರಿ ಕರು ಹಾಕಿತು. ಹೋರಿಕರು.

ಗಿಣ್ಣು ಮಾಡಿ ಹನ್ನೊಂದು ಮನೆಗೆ ಹಂಚಿದರು. ಗಿಣ್ಣಿನ ಪಾತ್ರೆಯನ್ನು ಬರಿದಾಗಿ ಹಿಂದೆ ಕಳುಹಿಸುವ ಕ್ರಮ ಇಲ್ಲ. ಒಂದು ಮನೆಯಿಂದ ಪತ್ರೊಡೆ ಬಂತು, ಇನ್ನೊಂದರಿಂದ ಹಲಸಿನ ಹಪ್ಪಳ, ಅಡಿಕೆ ವ್ಯಾಪಾರದ ಬ್ಯಾರಿ ಮಿತ್ರರ ಮನೆಯಿಂದ ಖರ್ಜೂರ. ಹತ್ತು ದಿನದ ಪುರುಡು ಕಳೆಯದ ಹಾಲು ದೇವರಿಗೆ ಆಗದು. ಹನ್ನೊಂದನೆಯ ದಿನ ಬೆಳಿಗ್ಗೆ ದರ್ಜಿಯವರು ಮಳೆಗೆ ಕೊಡೆ ಹಿಡಿದು, ಅರ್ಧ ಲೀಟರ್ ಹಾಲಿನ ತಂಬಿಗೆಯನ್ನು ಅಭಿಷೇಕಕ್ಕೆ ತಂದುಕೊಟ್ಟರು.

ಆ ಸಂಜೆ ಬೆಂಚಿನಲ್ಲಿ ಗೆಳೆಯರ ಮುಖದಲ್ಲಿ ಸಂತೋಷದ ಜತೆ ಒಂದು ಯೋಚನೆಯೂ ಇತ್ತು. ಹೆಣ್ಣುಕರುವಾದರೆ ಹತ್ತು ಮಂದಿ ಕೇಳಿ ಬರುತ್ತಾರೆ. ಗದ್ದೆಗೆ ಟಿಲ್ಲರ್ ಬಂದ ಮೇಲೆ ಹೋರಿಕರುವನ್ನು ಕೇಳಿ ಬರುವವರು ಒಂದೇ ಜಾತಿಯ ವ್ಯಾಪಾರಿಗಳು. ಎರಡು ಜೀವಕ್ಕೆ ಹುಲ್ಲು ಒದಗಿಸುವಷ್ಟು ದರ್ಜಿಯವರ ಸೂಜಿಯಲ್ಲಿ ಸಂಪಾದನೆ ಇರಲಿಲ್ಲ. ಬದಿಯಡ್ಕದ ಅಜ್ಜನಿಗೆ ಎಲೆ-ಅಡಿಕೆ ಹಿಡಿದು ಕೊಟ್ಟ ಮಾತನ್ನು ರಿಕ್ಷಾದವರು ನೆನಪಿಸಿದರು. ಆ ಮಾತು ಗೌರಿಗೆ ಮಾತ್ರವೇ, ಅದರ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೂ ಉಂಟೇ ಎಂದು ಅಂಗಡಿಯವರು ಲೆಕ್ಕದ ಪ್ರಶ್ನೆ ಹಾಕಿದರು. "ಆರು ಕಿಲೋಮೀಟರ್ ನಡೆದದ್ದು ಯಾಕೆ? ಹೋರಿ ಇಲ್ಲವೆಂದಲ್ಲವಾ?" ಎಂದು ಮಾಸ್ಟ್ರು ಕೇಳಿದ ಮೇಲೆ ಯಾರೂ ಮಾತು ಬೆಳೆಸಲಿಲ್ಲ.

ಹೋರಿಯನ್ನು ಉಳಿಸುವುದೆಂದಾಯಿತು. ತಿಂಗಳಿಗೆ ಒಂದು ಚೀಲ ಹಿಂಡಿ ಜೀನಸು ಅಂಗಡಿಯಿಂದ, ಬೈಹುಲ್ಲು ತರುವ ಬಾಡಿಗೆ ರಿಕ್ಷಾದವರದ್ದು, ಡಾಕ್ಟ್ರ ಖರ್ಚು ಮಾಸ್ಟ್ರ ಪಿಂಚಣಿಯಿಂದ, ಹಟ್ಟಿಯ ದುಡಿಮೆ ದರ್ಜಿಯವರ ಮನೆಯವರದ್ದು. ಅಂಗಡಿಯ ಕಡಪುಸ್ತಕದ ಕೊನೆಯ ಹಾಳೆಯಲ್ಲಿ ಇದನ್ನು ಬರೆದು ನಾಲ್ವರೂ ರುಜು ಹಾಕಿದ್ದಾರೆ. ಹೋರಿಗೆ ಹೆಸರಿಡುವ ಚರ್ಚೆ ಇನ್ನೂ ಮುಗಿದಿಲ್ಲ.